ಉಬ್ಬಸಕ್ಕೆ ಹೆಸರು ಸಿಗಲು ಮೂರು ವರ್ಷ



ಗಂಡಸೊಬ್ಬ ಏದುಸಿರು ಬಿಡುತ್ತ ವೈದ್ಯರ ಮುಂದೆ ಕುಳಿತರೆ ಮೊದಲ ಪ್ರಶ್ನೆ: ‘ಬೀಡಿ, ಸಿಗರೇಟು ಸೇದುತ್ತೀರಾ?’ ಹೆಂಗಸು ಕುಳಿತರೆ: ‘ಮನೆಯಲ್ಲಿ ಏನಾದರೂ ಚಿಂತೆಯೇ?’

ನಿವೃತ್ತಿಯಾದ ಮರುವರ್ಷ, 2019ರಲ್ಲಿ, ಮಹಡಿ ಹತ್ತುವಾಗ ನನಗೆ ಉಸಿರು ಕಟ್ಟತೊಡಗಿತು. ಎಕ್ಸ್‌ರೇ ಸರಿಯಿದೆ ಎಂದರು. ಇ.ಸಿ.ಜಿ.ಯೂ ಸರಿ. ರಕ್ತ ಕಡಿಮೆಯಿತ್ತು, ಕಬ್ಬಿಣದ ಮಾತ್ರೆ ನುಂಗಿ ಅದು ಏರಿತು, ಏದುಸಿರು ಇಳಿಯಲಿಲ್ಲ. ನಡುವೆ ಕೊರೊನಾ ಬಂದು ಎಲ್ಲರ ಉಬ್ಬಸವೂ ಅದರ ಲೆಕ್ಕಕ್ಕೆ ಹೋಯಿತು. ಒಬ್ಬರು ಗ್ಯಾಸ್ ಎಂದರು, ಒಬ್ಬರು ವಯಸ್ಸು ಎಂದರು. ಇನ್ನೊಬ್ಬರು ನನ್ನ ಮುಖ ನೋಡದೆ, ಜೊತೆಗೆ ಬಂದಿದ್ದ ಮಗನಿಗೆ ‘ಅಮ್ಮನಿಗೆ ಸ್ವಲ್ಪ ಆತಂಕ’ ಎಂದು ಹೇಳಿ ನಿದ್ದೆಯ ಮಾತ್ರೆ ಬರೆದುಕೊಟ್ಟರು. ಮೂವತ್ತು ವರ್ಷ ಪಾಠ ಹೇಳಿದವಳ ಮಾತಿಗೇ ಇಷ್ಟು ಬೆಲೆಯಾದರೆ, ಕೂಲಿಗೆ ಹೋಗುವ ಹೆಣ್ಣುಮಗಳ ಮಾತು ಯಾರ ಕಿವಿಗೆ ಬಿದ್ದೀತು? ಮನೆಯಲ್ಲಂತೂ ಆಕೆಯ ಉಬ್ಬಸಕ್ಕೆ ‘ಕೆಲಸಗಳ್ಳತನ’ ಎಂಬ ಹೆಸರು ಸಿದ್ಧವಾಗಿಯೇ ಇರುತ್ತದೆ.

2022ರಲ್ಲಿ ಶ್ವಾಸಕೋಶದ ವೈದ್ಯೆಯೊಬ್ಬರು ಕೇಳಿದರು: ‘ಯಾವ ಒಲೆಯಲ್ಲಿ ಅಡುಗೆ ಮಾಡುತ್ತಿದ್ದಿರಿ? ಎಷ್ಟು ವರ್ಷ?’ 1981ರಲ್ಲಿ ಮದುವೆಯಾಗಿ ಹೋದ ಮನೆಯಲ್ಲಿ ಸೌದೆ ಒಲೆ. ಕಾಲೇಜಿಗೆ ಹೊರಡುವ ಮುಂಚೆ ಎರಡು ಗಂಟೆ, ಬಂದ ಮೇಲೆ ಎರಡು ಗಂಟೆ. ಗ್ಯಾಸ್ ಬಂದದ್ದು 1997ರಲ್ಲಿ. ಆಕೆ ಗುಣಿಸಿದರು: ದಿನಕ್ಕೆ 4 ಗಂಟೆ, 16 ವರ್ಷ, ಒಟ್ಟು 64.

ಈ ಲೆಕ್ಕವನ್ನು ನೀವೂ ಮಾಡಿ ನೋಡಬಹುದು. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಸಂಖ್ಯೆ 60 ಮುಟ್ಟಿದರೆ ಬಹುಕಾಲದ ಕೆಮ್ಮು, ಕಫದ ಕಾಯಿಲೆಯ ಅಪಾಯ ಹೆಚ್ಚೆಂದು ಕಂಡುಕೊಂಡಿದೆ. ದಿನಕ್ಕೆ 3 ಗಂಟೆಯಂತೆ 20 ವರ್ಷ ಬೇಯಿಸಿದರೂ 60 ಆಯಿತು. ಹಾಗೆಂದು ಎಲ್ಲರಿಗೂ ರೋಗ ಬಂದೇ ಬರುತ್ತದೆಂದಲ್ಲ. ಆದರೆ ಉಬ್ಬಸವಿದ್ದವರು ಕೇಳುವವರೆಗೆ ಕಾಯದೆ ಈ ಸಂಖ್ಯೆಯನ್ನು ವೈದ್ಯರ ಮುಂದಿಡಬೇಕು.

ಎಕ್ಸ್‌ರೇ ಸರಿಯಿದ್ದ ಮಾತ್ರಕ್ಕೆ ಶ್ವಾಸನಾಳ ಸರಿಯಿದೆ ಎಂದಾಗದು. ಅದಕ್ಕೆ ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆಯೇ ಬೇಕು. ಉಸಿರು ತುಂಬಿಕೊಂಡು ಕೊಳವೆಯೊಳಗೆ ಜೋರಾಗಿ, ಪೂರ್ತಿ ಊದಬೇಕು. ಆಮೇಲೆ ಔಷಧಿ ಎಳೆದುಕೊಂಡು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಬೇಕು. ಅಸ್ತಮಾ ಆದರೆ ಸಾಮಾನ್ಯವಾಗಿ ಎರಡನೆಯ ಸಲ ಗಾಳಿ ಸಲೀಸಾಗಿ ಬರುತ್ತದೆ. ಔಷಧಿಯ ನಂತರವೂ ಮೊದಲ ಸೆಕೆಂಡಿನಲ್ಲಿ ಹೊರಬರುವುದು ಒಟ್ಟು ಗಾಳಿಯ ಶೇ. 70ಕ್ಕಿಂತ ಕಡಿಮೆಯಿದ್ದರೆ ಸಿಒಪಿಡಿ ಇರಬಹುದೆಂದು ತಿಳಿಯುತ್ತಾರೆ. ನನಗಿದ್ದದ್ದು ಅದು. ಸವೆದ ಶ್ವಾಸಕೋಶ ಮೊದಲಿನಂತಾಗದು, ಆದರೆ ಇನ್‌ಹೇಲರಿನಿಂದ ಮಹಡಿ ಹತ್ತುತ್ತಿದ್ದೇನೆ. ಅದು ಚಟವಾಗುತ್ತದೆಂಬುದು ಬರೀ ಸುಳ್ಳು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ 1980ರ ದಶಕದಲ್ಲೇ ಹಳ್ಳಿಗಳಿಗೆ ಬಂದಿತ್ತು. ಆಗ ನಮ್ಮ ಮನೆಯಲ್ಲಿ ಕೊಟ್ಟಿಗೆಗೆ ಹೊಸ ಹೆಂಚು ಹೊದಿಸಿದರು! ಒಲೆ ಹೆಂಗಸಿನದು, ಖರ್ಚಿನ ತೀರ್ಮಾನ ಗಂಡಸಿನದು. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೂ ಸಿಲಿಂಡರ್ ಮುಗಿದಾಗ ಎಷ್ಟೋ ಮನೆಗಳಲ್ಲಿ ಸೌದೆ ಒಲೆಯೇ ಉರಿಯುತ್ತಿದೆ.

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಹೊಗೆಯ ಲೆಕ್ಕವನ್ನೂ ಬರೆಯಿರಿ. 60 ದಾಟಿ ಉಬ್ಬಸವಿರುವವರು ಒಬ್ಬೊಬ್ಬರೇ ಹೋಗಬೇಡಿ. ನಾಲ್ಕು ಜನ ಕೂಡಿ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಊದುವ ಯಂತ್ರ ಇದೆಯೇ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿ. ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡೇ ಬನ್ನಿ.