ನೀಲಿ ಮಾತ್ರೆ ಮತ್ತು ನಮ್ಮ ನಗು

ವಯಾಗ್ರ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕಿಸಕ್ಕೆಂದು ನಗುವುದನ್ನು ನಾವು ಹಾಸ್ಯಪ್ರಜ್ಞೆ ಎಂದುಕೊಂಡಿದ್ದೇವೆ. ನನ್ನ ಮಟ್ಟಿಗೆ ಅದು ಬರೀ ಅಜ್ಞಾನ. ಅದಕ್ಕೆ ಬೆಲೆ ತೆರುವವರು ಮಾತ್ರ ನಗುವವರಲ್ಲ, ಬೇರೆಯವರು.

ಮೊದಲು ಮಾತ್ರೆಯ ವಿಚಾರ. ಅದರೊಳಗಿನ ಔಷಧ ಸಿಲ್ಡೆನಾಫಿಲ್. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿದ್ದ ಫೈಜರ್ ಪ್ರಯೋಗಾಲಯ ಅದನ್ನು ಹೃದಯದ ಕಾಯಿಲೆಗೆಂದು ಪರೀಕ್ಷಿಸುತ್ತಿತ್ತು. ಎದೆನೋವಿಗೆ ಹೇಳಿಕೊಳ್ಳುವಂಥ ಉಪಯೋಗವಾಗಲಿಲ್ಲ. ಪ್ರಯೋಗಕ್ಕೆ ಒಳಗಾದ ಗಂಡಸರು ಹೇಳಿದ ಅಡ್ಡಪರಿಣಾಮವೇ ಮುಖ್ಯ ಪರಿಣಾಮವಾಯಿತು. 1998ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಮನಸ್ಸು ಕೆರಳಿದಾಗ ನರಗಳು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತವೆ. ಅದರಿಂದ ಸಿಜಿಎಂಪಿ ಎಂಬ ರಾಸಾಯನಿಕ ಹೆಚ್ಚಿ ರಕ್ತನಾಳದ ಸ್ನಾಯುಗಳು ಸಡಿಲಗೊಳ್ಳುತ್ತವೆ, ರಕ್ತ ತುಂಬಿಕೊಳ್ಳುತ್ತದೆ. ಪಿಡಿಇ5 ಎಂಬ ಕಿಣ್ವ ಆ ಸಿಜಿಎಂಪಿಯನ್ನು ಒಡೆದುಹಾಕುತ್ತದೆ. ಮಾತ್ರೆ ಆ ಕಿಣ್ವವನ್ನು ಕೆಲವು ಗಂಟೆ ತಡೆಯುತ್ತದೆ, ಅಷ್ಟೇ. ಆಸೆಯನ್ನು ಅದು ಹುಟ್ಟಿಸುವುದಿಲ್ಲ. ಇದರಲ್ಲಿ ‘ಗಂಡಸ್ತನ’ ಎಲ್ಲಿಂದ ಬಂತು?

ಅದೇ ಕಿಣ್ವ ಶ್ವಾಸಕೋಶದ ರಕ್ತನಾಳಗಳಲ್ಲೂ ಇದೆ. ಅಲ್ಲಿನ ಅಪಧಮನಿಗಳು ಬಿಗಿದುಕೊಂಡು ಒತ್ತಡ ಏರಿದರೆ ಹೃದಯದ ಬಲಭಾಗ ಸೋಲತೊಡಗುತ್ತದೆ. ನಾಲ್ಕು ಮೆಟ್ಟಿಲು ಹತ್ತುವುದೂ ಕಷ್ಟ. ಪಲ್ಮನರಿ ಆರ್ಟೀರಿಯಲ್ ಹೈಪರ್‌ಟೆನ್ಷನ್ ಎಂಬ ಈ ಕಾಯಿಲೆಗೆ 2005ರಿಂದ ಇದೇ ಸಿಲ್ಡೆನಾಫಿಲ್, 20 ಮಿಲಿಗ್ರಾಂನಂತೆ ದಿನಕ್ಕೆ ಮೂರು ಬಾರಿ, ಅಧಿಕೃತ ಔಷಧ. ಈ ಕಾಯಿಲೆ ಹೆಚ್ಚಾಗಿ ಕಾಡುವುದು ಹೆಂಗಸರನ್ನು. ಇದರ ತಮ್ಮನಂಥ ಟಡಾಲಾಫಿಲ್ ಅನ್ನು ಪ್ರಾಸ್ಟೇಟ್ ಊತದಿಂದ ಮೂತ್ರಕ್ಕೆ ತೊಂದರೆಯಾದವರಿಗೂ ಕೊಡುತ್ತಾರೆ.

ಜೀವವಿಮೆಯ ಹೆಸರನ್ನೇ ಇಟ್ಟುಕೊಂಡಿರುವ ನಮ್ಮ ಜೀವನ್ ಬಿಮಾ ನಗರದಲ್ಲಿ, ಔಷಧಿ ಅಂಗಡಿಯೊಂದರ ಮುಂದೆ, ಐವತ್ತು ದಾಟಿದ ಹೆಂಗಸೊಬ್ಬರು ಇದೇ ಚೀಟಿ ಹಿಡಿದು ನಿಂತಿದ್ದರು. ಒಳಗಿನ ಹುಡುಗ ಚೀಟಿ ನೋಡಿದ, ಪಕ್ಕದವನಿಗೆ ತೋರಿಸಿದ, ಇಬ್ಬರೂ ನಕ್ಕರು. ‘ಯಜಮಾನ್ರಿಗಾ?’ ಎಂದು ಕೇಳಿದ. ‘ನನಗೆ, ಉಸಿರಾಟಕ್ಕೆ’ ಎಂದರು ಆಕೆ, ತಲೆ ತಗ್ಗಿಸಿ. ಉಸಿರಾಡಲು ಔಷಧ ಕೇಳುವವರು ತಲೆ ತಗ್ಗಿಸಬೇಕಾದ ಊರು ನಮ್ಮದು.

ಇನ್ನು ಗಂಡಸರು. ಅವರನ್ನು ಈ ನಗು ವೈದ್ಯರ ಬಳಿ ಹೋಗಗೊಡದೆ ರಸ್ತೆ ಬದಿಯ ಡೇರೆಗೆ ಅಟ್ಟುತ್ತದೆ. ಲೈಂಗಿಕ ಶಕ್ತಿಯ ಹೆಸರಿನಲ್ಲಿ ಔಷಧದ ಜಾಹೀರಾತು ಮಾಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ‘ಗುಪ್ತರೋಗ’ದ ಭಿತ್ತಿಪತ್ರಗಳು ಮಾತ್ರ ಗೋಡೆ ಬಿಟ್ಟಿಲ್ಲ. 2025ರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರೊಬ್ಬರು ಇಂಥದೇ ಡೇರೆಯ ಔಷಧಕ್ಕೆ ಸುಮಾರು 48 ಲಕ್ಷ ರೂಪಾಯಿ ಕಳೆದುಕೊಂಡು, ಮೂತ್ರಪಿಂಡಕ್ಕೂ ಹಾನಿಯಾಯಿತೆಂದು ಜ್ಞಾನಭಾರತಿ ಠಾಣೆಗೆ ದೂರು ಕೊಟ್ಟರು. ಓದಿದವರಿಗೆ ಬುದ್ಧಿಯಿಲ್ಲವೇ ಎಂದು ಮತ್ತೆ ನಕ್ಕೆವು. ಅವರನ್ನು ತಡೆದದ್ದು ಬುದ್ಧಿಯ ಕೊರತೆಯಲ್ಲ, ನಾಚಿಕೆ.

ಆ ನಾಚಿಕೆ ಪ್ರಾಣವನ್ನೂ ತೆಗೆಯಬಲ್ಲದು. ಶಿಶ್ನದ ರಕ್ತನಾಳಗಳು ಹೃದಯದವಕ್ಕಿಂತ ಸಣ್ಣವು. ಮಧುಮೇಹವೋ ಕೊಬ್ಬೋ ನಾಳಗಳನ್ನು ಕೆಡಿಸಿದರೆ ಸುಳಿವು ಅನೇಕರಲ್ಲಿ ಮೊದಲು ಸಿಗುವುದು ಅಲ್ಲೇ, ಎದೆನೋವಿಗೂ ಎಷ್ಟೋ ಮೊದಲು. ಆ ಸುಳಿವನ್ನು ನಾವು ಮುಚ್ಚಿಡುತ್ತೇವೆ. ಮೇಲಾಗಿ, ಕದ್ದು ಮಾತ್ರೆ ನುಂಗಿದವನಿಗೆ ಎದೆನೋವು ಬಂದು, ನಾಲಗೆಯಡಿ ಸಾರ್ಬಿಟ್ರೇಟಿನಂಥ ನೈಟ್ರೇಟ್ ಮಾತ್ರೆ ಇಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು. ನುಂಗಿದ್ದೇನೆ ಎಂದು ಹೇಳಲು ನಾಚಿದರೆ ವೈದ್ಯರಿಗೆ ತಿಳಿಯುವುದು ಹೇಗೆ?

ಹೀಗೆಲ್ಲ ಬರೆದರೆ ಜನ ತಾವೇ ಕೊಂಡು ನುಂಗುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಸ್ವಾಮಿ, ಈಗಾಗಲೇ ನುಂಗುತ್ತಿದ್ದಾರೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧ ಪಿಸುಮಾತಿಗೆ ಕೈಗೆ ಸಿಗುತ್ತಿರುವುದು ನಮ್ಮ ಮೌನದಿಂದಲೇ.

ಮಧುಮೇಹಿಯ ಕಣ್ಣು, ಕಾಲು ಪರೀಕ್ಷಿಸುವ ವೈದ್ಯರು ಈ ಪ್ರಶ್ನೆಯನ್ನೂ ಕೇಳಲಿ. ಅಂಗಡಿಯವರು ಚೀಟಿ ಕೇಳಲಿ, ಎದೆನೋವಿನ ಮಾತ್ರೆ ಇದೆಯೇ ಎಂದು ವಿಚಾರಿಸಲಿ. ಸಿನಿಮಾ ಬರೆಯುವವರು ಹೊಸ ಜೋಕು ಹುಡುಕಿಕೊಳ್ಳಲಿ. ಇನ್ನು ಭಾಷೆಯನ್ನೇ ಕಸುಬು ಮಾಡಿಕೊಂಡ ನಾವು ‘ಷಂಡ’ ಎಂಬ ಬೈಗುಳವನ್ನು ಕೆಳಗಿಟ್ಟು ‘ನಿಮಿರು ದೌರ್ಬಲ್ಯ’ ಎಂದು, ಕೆಮ್ಮು ನೆಗಡಿ ಎಂದಷ್ಟೇ ಸಲೀಸಾಗಿ, ಬಾಯಿಬಿಟ್ಟು ಹೇಳುವುದನ್ನು ಕಲಿಯೋಣ.