ಇಂದಿನ ಕೊಬ್ಬರಿ ದರ ಎಐಗೆ ಗೊತ್ತಿರುತ್ತದೆಯೇ?

‘ಎಐ ಹೇಳಿದ ಇಂದಿನ ತಿಪಟೂರು ಕೊಬ್ಬರಿ ದರ’ ಎಂಬ ಸಂದೇಶ ಬಂದರೆ ನಂಬಬಹುದೇ?

ಎಐ ಕಲಿತಿರುವುದು ಹಳೆಯ ಬರಹಗಳಿಂದ. ಇಂದಿನ ದರವನ್ನು ಅದು ಹೊರಗಿನಿಂದಲೇ ತರಿಸಿಕೊಳ್ಳಬೇಕು. ಅದಕ್ಕೆ ಎರಡು ಪುಟ್ಟ ಪ್ರೋಗ್ರಾಂ ಬೇಕು.

ಸರ್ವರ್: ‘ಮಾರುಕಟ್ಟೆ, ದಿನಾಂಕ ಹೇಳಿ, ಕ್ವಿಂಟಾಲ್ ದರ ಕೊಡುತ್ತೇನೆ’ ಎಂದು ತನ್ನ ಕೆಲಸ ತಿಳಿಸುತ್ತದೆ. ಕೇಳಿದಾಗ ಅಗ್‌ಮಾರ್ಕ್‌ನೆಟ್‌ನಂಥ ಸರ್ಕಾರಿ ಜಾಲತಾಣದಿಂದ ದರ ತರುತ್ತದೆ.

ಕ್ಲೈಂಟ್: ಎಐ ಕೇಳಿದ್ದನ್ನು ಸರ್ವರ್‌ಗೆ ಮುಟ್ಟಿಸಿ, ಉತ್ತರ ತಂದುಕೊಡುತ್ತದೆ.

ಈ ಮಾತುಕತೆಗೆಂದೇ ಆಂಥ್ರೊಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ‘ಎಂಸಿಪಿ’ ಎಂಬ ಮುಕ್ತ ನಿಯಮಾವಳಿ ಪ್ರಕಟಿಸಿತು.

ಇಂಥ ಜೋಡಣೆ ಇಲ್ಲದಿದ್ದರೆ ಎಐ ದರವನ್ನು ಊಹಿಸಿಯೇ ಹೇಳಬಹುದು. ಇದ್ದರೂ, ಸರ್ವರ್ ತಂದದ್ದು ಹಿಂದಿನ ಹರಾಜಿನ ದರವಾದರೆ ಉತ್ತರವೂ ಹಳೆಯದೇ.

ಮೂಲ, ದಿನಾಂಕ ಇಲ್ಲದ ದರ ನಂಬಿ ಕೊಬ್ಬರಿ ಚೀಲ ಗಾಡಿಗೇರಿಸಬೇಡಿ. ಫಾರ್ವರ್ಡ್ ಕೂಡ ಮಾಡಬೇಡಿ.