ಪಿಗ್ಮಿಗೆ ಎಷ್ಟು ಅಂಕ?

ಸೇವಾ ಉದ್ಯಮಗಳಲ್ಲಿ ಹುಟ್ಟುವ ಹೊಸತನವನ್ನು ಅಳೆಯುವುದು ಹೇಗೆ? ಯಂತ್ರಕ್ಕಾದರೆ ಪೇಟೆಂಟ್ ಇದೆ. ಬ್ಯಾಂಕು, ಹೋಟೆಲುಗಳ ಹೊಸ ಕ್ರಮಗಳಿಗೆ ಅದು ದೊರೆಯದು. ವ್ಯವಹಾರ ವಿಧಾನಕ್ಕೆ ಪೇಟೆಂಟ್ ಸಲ್ಲದೆಂದು ನಮ್ಮ ಕಾನೂನೇ ಹೇಳುತ್ತದೆ. ಆದ್ದರಿಂದ ನೋಂದಣಿಯಾದ ಟ್ರೇಡ್‌ಮಾರ್ಕ್‌ಗಳನ್ನು ಎಣಿಸೋಣ ಎಂಬ ವಾದ ಅರ್ಥಶಾಸ್ತ್ರಜ್ಞರಲ್ಲಿದೆ. 2004ರಲ್ಲಿ ಪೋರ್ಚುಗಲ್ಲಿನ ಮೂವರು ವಿದ್ವಾಂಸರು ಇದನ್ನು ವಿವರವಾಗಿ ಮಂಡಿಸಿದರು. ಹೊಸ ಸೇವೆ ತರುವವನು ಅದಕ್ಕೊಂದು ಹೆಸರಿಡುತ್ತಾನೆ, ಆ ಹೆಸರನ್ನು ಕಾಯ್ದುಕೊಳ್ಳುತ್ತಾನೆ ಎಂಬುದು ಇದರ ತರ್ಕ. ತರ್ಕವೇನೋ ಸರಿ. ಆದರೆ ನಮ್ಮ ಅವಿಭಜಿತ ಜಿಲ್ಲೆಯ ಅನುಭವವನ್ನು ಪಕ್ಕದಲ್ಲಿಟ್ಟು ನೋಡಿದರೆ ನನಗೆ ಸಮಾಧಾನವಾಗದು.

ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು 1925ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುತ್ತಿದ್ದವರ ಬಾಗಿಲಿಗೆ ಬ್ಯಾಂಕೇ ಬಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟರು ಸ್ವೀಕರಿಸಿ ಬರೆದುಕೊಂಡರು. ಪ್ರಯೋಗಶಾಲೆಯಿಲ್ಲ, ಯಂತ್ರವಿಲ್ಲ, ಆದರೂ ಇದಕ್ಕಿಂತ ದೊಡ್ಡ ಹೊಸತನವನ್ನು ಕರಾವಳಿಯ ಸೇವಾಕ್ಷೇತ್ರ ಕಂಡಿದೆಯೇ? ಆಗ ನಮ್ಮಲ್ಲಿ ಟ್ರೇಡ್‌ಮಾರ್ಕ್ ನೋಂದಣಿಯ ಕಾಯಿದೆಯೇ ಇರಲಿಲ್ಲ. 1940ರಲ್ಲಿ ಬಂದದ್ದೂ 1958ರಲ್ಲಿ ಬಂದದ್ದೂ ಸರಕುಗಳಿಗಷ್ಟೇ. ಸೇವೆಗಳ ಹೆಸರಿಗೆ ನೋಂದಣಿ ದೊರೆತದ್ದು 1999ರ ಕಾಯಿದೆ 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದ ಮೇಲೆ. ಎಣಿಕೆಯವರ ಪುಸ್ತಕದಲ್ಲಿ 1928ರ ಪಿಗ್ಮಿಗೆ ಸೊನ್ನೆ ಅಂಕ!

ಈಗ ಬಾಗಿಲು ತೆರೆದಿದೆಯಲ್ಲ ಎನ್ನಬಹುದು. ನನ್ನ ಆಕ್ಷೇಪ ಅಲ್ಲಿಗೆ ನಿಲ್ಲುವುದಿಲ್ಲ. ಇಂದು ನಮ್ಮೂರಿನ ಅಂಗಡಿಗಳಿಗೆ ಹಣ ಸಂಗ್ರಹಿಸಲು ಬರುವವರು ಯಾವುದೇ ಸಹಕಾರಿ ಸಂಘದವರಾಗಿರಲಿ, ಜನರ ಬಾಯಲ್ಲಿ ಅವರು 'ಪಿಗ್ಮಿಯವರು'. ಹೆಸರು ಎಲ್ಲರದ್ದಾದದ್ದೇ ಆ ಸೇವೆಯ ಗೆಲುವು. ಟ್ರೇಡ್‌ಮಾರ್ಕ್ ಅಳೆಯುವುದಾದರೋ ಹೆಸರನ್ನು ಇತರರಿಂದ ಎಷ್ಟು ದೂರವಿಟ್ಟರೆಂಬುದನ್ನು. ಹಳೆಯ ದೋಸೆಗೆ ಹೊಸ ಬೋರ್ಡು ಹಾಕಿ ನೋಂದಾಯಿಸಿದರೂ ಒಂದು ಅಂಕ ಸಿಕ್ಕೀತು. (ಹಾಜರಿ ಪುಸ್ತಕ ನೋಡಿ ಹುಡುಗರ ಬುದ್ಧಿಯನ್ನು ಅಳೆದಂತೆ!)

ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಬೋರ್ಡು 2019ರ ವಿಲೀನದ ಬಳಿಕ ಇಳಿಯಿತು. ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳದ್ದು 2020ರ ವಿಲೀನದ ಬಳಿಕ. ಪಿಗ್ಮಿ ಮಾತ್ರ ಇನ್ನೂ ಬೀದಿಯಲ್ಲಿ ಓಡಾಡುತ್ತಿದೆ.

ಎಣಿಸಲೇಬೇಕೆಂದಿದ್ದರೆ, ಹತ್ತು ವರ್ಷದ ಅವಧಿ ಮುಗಿದ ಮೇಲೆ ನವೀಕರಣಗೊಂಡ ಹೆಸರುಗಳನ್ನಷ್ಟೇ ಎಣಿಸಲಿ. ಜೊತೆಗೆ ಮೀನು ಮಾರುವ ಹೆಂಗಸನ್ನೂ ಕ್ಷೌರದಂಗಡಿಯವನನ್ನೂ ಒಮ್ಮೆ ಕೇಳಲಿ: ಈ ಹತ್ತು ವರ್ಷಗಳಲ್ಲಿ ನಿಮ್ಮ ಬಾಗಿಲಿಗೆ ಹೊಸದಾಗಿ ಬಂದ ಸೇವೆ ಯಾವುದು?